ಮುಟ್ಟು ನಿಲ್ಲುವ ವಯಸ್ಸು, ಮನೆ ತುಂಬ ಸಾಮಾನು: ಡಾಕ್ಟರ್ ಜೊತೆ ಪ್ರಶ್ನೋತ್ತರ

ಪ್ರಶ್ನೆ (46 ವರ್ಷ, ದಾವಣಗೆರೆ):
ನಮಸ್ಕಾರ ಡಾಕ್ಟ್ರೇ. ಎಂಟು ತಿಂಗಳಿಂದ ಮುಟ್ಟು ಹಿಂದೆ ಮುಂದೆ ಆಗುತ್ತಿದೆ. ರಾತ್ರಿ ಎರಡು ಗಂಟೆಗೆ ಬೆವರಿ ಎದ್ದು ಕೂರುತ್ತೇನೆ. ಅಡುಗೆಮನೆಗೆ ಹೋದರೆ ಯಾಕೆ ಬಂದೆ ಅನ್ನೋದೇ ನೆನಪಾಗಲ್ಲ. ಮೊನ್ನೆ ಸಾರಿಗೆ ಎರಡು ಸಲ ಉಪ್ಪು ಹಾಕಿದೆ. ಮನೆ ತುಂಬ ಸಾಮಾನು, ನೋಡಿದರೇ ಅಳು ಬರುತ್ತದೆ. ದಸರಾಕ್ಕೆ ಮುಂಚೆ ಅಟ್ಟದಿಂದ ಎಲ್ಲ ಇಳಿಸಿ ಕ್ಲೀನ್ ಮಾಡಬೇಕು ಅಂದುಕೊಂಡಿದ್ದೆ. ಮೈಯಲ್ಲಿ ಶಕ್ತಿಯೇ ಇಲ್ಲ. ನಾನು ಸೋಮಾರಿ ಆಗಿಬಿಟ್ಟೆನಾ?

ಉತ್ತರ (ಸ್ತ್ರೀರೋಗ ತಜ್ಞೆ):
ಖಂಡಿತ ಇಲ್ಲ. ನೀವು ಹೇಳಿದ್ದೆಲ್ಲ ಪೆರಿಮೆನೋಪಾಸ್ ಇರಬಹುದು ಅನ್ನಿಸುತ್ತದೆ. ಮುಟ್ಟು ಪೂರ್ತಿ ನಿಲ್ಲುವ ಮುಂಚಿನ ಕೆಲವು ವರ್ಷಗಳು ಇವು. ನಮ್ಮ ದೇಶದ ಹೆಂಗಸರಿಗೆ ಸರಾಸರಿ 46–47ರ ಸುಮಾರಿಗೆ ಮುಟ್ಟು ನಿಲ್ಲುತ್ತದೆ. ಸುಸ್ತು ಇಷ್ಟಿರುವಾಗ ಮೊದಲು ಹಿಮೋಗ್ಲೋಬಿನ್, ಥೈರಾಯ್ಡ್ ಎರಡನ್ನೂ ಟೆಸ್ಟ್ ಮಾಡಿಸಿ. ರಕ್ತ ಕಡಿಮೆ ಇದ್ದರೆ ಮನೆ ಎಷ್ಟು ಜೋಡಿಸಿದರೂ ಸುಸ್ತು ಹೋಗುವುದಿಲ್ಲ.

ಅಟ್ಟದ ಕೆಲಸ ಈ ವರ್ಷ ಬೇಡ. ವರ್ಷಕ್ಕೊಮ್ಮೆ ನೋಡುವ ಸಾಮಾನಿಗೋಸ್ಕರ ಸ್ಟೂಲ್ ಹತ್ತಿ ಯಾಕೆ ಭುಜ ನೋಯಿಸಿಕೊಳ್ಳುತ್ತೀರಿ? ಈ ವಯಸ್ಸಿನಲ್ಲಿ ಭುಜ ಹಿಡಿದುಕೊಳ್ಳುವುದೂ ಜಾಸ್ತಿ.

ಹಾಸಿಗೆಯಿಂದ ಶುರು ಮಾಡಿ. ನಿದ್ದೆ ಕೆಟ್ಟರೆ ಮರೆವು, ರೇಗು ಎರಡೂ ಹೆಚ್ಚುತ್ತವೆ. ಈಸ್ಟ್ರೋಜನ್ ಅನ್ನುವ ಹೆಣ್ಣಿನ ಹಾರ್ಮೋನ್ ಏರಿಳಿಯುವಾಗ ಮೆದುಳಿನಲ್ಲಿ ಮೈಯ ಶಾಖ ನೋಡಿಕೊಳ್ಳುವ ಭಾಗ ತುಂಬ ಸೂಕ್ಷ್ಮವಾಗುತ್ತದೆ. ಒಂಚೂರು ಬಿಸಿ ಏರಿದರೂ ಸಾಕು, ಬೆವರು ಸುರಿಸಿ ಮೈ ತಣಿಸಲು ನೋಡುತ್ತದೆ. ಅದಕ್ಕೇ ದಪ್ಪ ಸಿಂಥೆಟಿಕ್ ಬ್ಲಾಂಕೆಟ್ ತೆಗೆದಿಟ್ಟು ಎರಡು ತೆಳು ಹತ್ತಿ ಹೊದಿಕೆ ಇಟ್ಟುಕೊಳ್ಳಿ. ಸೆಕೆ ಆದಾಗ ಒಂದನ್ನು ಸರಿಸಿದರೆ ಆಯಿತು. ತಲೆದಿಂಬಿನ ಹತ್ತಿರವೇ ಒಂದು ಬದಲಿ ನೈಟಿ, ಟವೆಲ್, ನೀರು ಇರಲಿ. ರಾತ್ರಿ ಲೈಟ್ ಹಾಕಿ ಬೀರು ಹುಡುಕುವ ಕೆಲಸ ತಪ್ಪಿದರೆ ಮತ್ತೆ ನಿದ್ದೆ ಬೇಗ ಹತ್ತುತ್ತದೆ. ಮಂಚದ ಪಕ್ಕದ ಇಸ್ತ್ರಿ ಬಟ್ಟೆ ರಾಶಿಯನ್ನು ಬೇರೆ ಕೋಣೆಗೆ ಕಳಿಸಿ. ಕಣ್ಣು ಬಿಟ್ಟ ಕೂಡಲೇ ಬಾಕಿ ಕೆಲಸ ಕಾಣಬಾರದು.

ಆಮೇಲೆ ಒಲೆ. ಸೊಂಟದಿಂದ ಭುಜದ ಎತ್ತರದ ಒಳಗೆ ದಿನಾ ಬೇಕಾದ್ದು ಮಾತ್ರ ಇರಲಿ: ಒಂದು ಕುಕ್ಕರ್, ಎರಡು ಪಾತ್ರೆ, ಒಗ್ಗರಣೆ ಡಬ್ಬಿ, ಅಕ್ಕಿ, ಬೇಳೆ. ಹತ್ತು ಜನಕ್ಕೆ ಅಡುಗೆ ಮಾಡುವ ತಪ್ಪಲೆ ಕೆಳಗಿನ ಮೂಲೆಗೆ ಹೋಗಲಿ. ಡಬ್ಬಿಗಳು ಒಳಗಿನದ್ದು ಕಾಣುವಂತಿರಲಿ. ಸ್ಟೀಲ್ ಡಬ್ಬಿಯೇ ಇಷ್ಟ ಅಂದರೆ ಮೇಲೆ ಹೆಸರು ಅಂಟಿಸಿ. ಉಪ್ಪು ಹಾಕಿದ ಮೇಲೆ ಚಮಚವನ್ನು ಡಬ್ಬಿಯ ಮುಚ್ಚಳದ ಮೇಲೆ ಇಡಿ. ಚಮಚ ಕಂಡರೆ ಉಪ್ಪು ಬಿದ್ದಿದೆ ಅಂತ ಅರ್ಥ. ಬಿಸಿಲು ಏರುವ ಮುಂಚೆ ಅಡುಗೆ ಮುಗಿಸಿ, ಕಿಟಕಿ ತೆಗೆದಿಡಿ.

ಇಷ್ಟು ವರ್ಷ ಇಡೀ ಮನೆಯನ್ನು ನೀವು ತಲೆಯಲ್ಲಿ ಹೊತ್ತಿದ್ದೀರಿ. ಗ್ಯಾಸ್ ಯಾವಾಗ ಖಾಲಿ, ಅತ್ತೆಯ ಬಿಪಿ ಮಾತ್ರೆ ಎಷ್ಟು ಉಳಿದಿದೆ, ಮಗನ ಫೀಸ್ ಎಂದು ಕಟ್ಟಬೇಕು, ಎಲ್ಲವೂ ನಿಮ್ಮ ನೆನಪಲ್ಲೇ ಇತ್ತು ಅಲ್ವಾ? ಅದನ್ನೆಲ್ಲ ಗೋಡೆಯ ಕ್ಯಾಲೆಂಡರ್ ಮೇಲೆ ಬರೆಯಿರಿ, ಎಲ್ಲರಿಗೂ ಕಾಣಲಿ. ಕಂಡವರು ಮಾಡಲಿ. ನಿಮ್ಮ ಮುಟ್ಟಿನ ದಿನವನ್ನೂ ಅಲ್ಲೇ ಗುರುತು ಹಾಕಿ, ನಾಳೆ ನಿಮ್ಮ ಡಾಕ್ಟರಿಗೆ ಅದೇ ಬೇಕು. ಈ ಮರೆವಿನ ಮಂಕು ಹೆಚ್ಚಿನವರಿಗೆ ಕಾಲಕ್ರಮೇಣ ತಿಳಿಯಾಗುತ್ತದೆ.

ಮನೆ ಜೋಡಿಸಿದರೆ ಹಾಟ್ ಫ್ಲಶ್, ಅಂದರೆ ಇದ್ದಕ್ಕಿದ್ದಂತೆ ಮೈ ಬಿಸಿಯೇರಿ ಬೆವರುವುದು, ನಿಲ್ಲುವುದಿಲ್ಲ. ತಡೆದುಕೊಳ್ಳಲು ಆಗದಿದ್ದರೆ ಚಿಕಿತ್ಸೆ ಇದೆ, ಸುಮ್ನೆ ಸಹಿಸಬೇಡಿ.

ಮರುಪ್ರಶ್ನೆ (49 ವರ್ಷ, ಬೆಂಗಳೂರು):
ನಮ್ಮದು ಒಂದೇ ಬೆಡ್‌ರೂಮ್. ನನಗೆ ಫ್ಯಾನ್ ಐದರಲ್ಲಿ ಬೇಕು, ನಮ್ಮವರಿಗೆ ಚಳಿ. ದಿನಾ ಜಗಳ.

ಉತ್ತರ:
ಒಂದೇ ಹೊದಿಕೆ ಹಂಚಿಕೊಳ್ಳಬೇಡಿ. ಅವರಿಗೆ ಕಂಬಳಿ, ನಿಮಗೆ ತೆಳು ಹೊದಿಕೆ. ಸೀಲಿಂಗ್ ಫ್ಯಾನ್ ಎರಡರಲ್ಲಿಟ್ಟು ನಿಮ್ಮ ಪಕ್ಕಕ್ಕೆ ಸಣ್ಣ ಟೇಬಲ್ ಫ್ಯಾನ್ ಇಟ್ಟುಕೊಳ್ಳಿ. ಕಿಟಕಿ ಕಡೆ ನೀವು ಮಲಗಿ. ಇದು ನಿಮ್ಮ ಹಟ ಅಲ್ಲ, ಮೈಯಲ್ಲಿ ಆಗುತ್ತಿರುವ ಬದಲಾವಣೆ ಅಂತ ಒಂದು ಸಲ ಕೂರಿಸಿ ಹೇಳಿ. ಎಷ್ಟೋ ಗಂಡಸರಿಗೆ ಇದನ್ನು ಯಾರೂ ಹೇಳಿಯೇ ಇರುವುದಿಲ್ಲ.

ಮರುಪ್ರಶ್ನೆ (ದಾವಣಗೆರೆಯವರೇ):
ಹಿತ್ತಾಳೆ ಪಾತ್ರೆ ಎಲ್ಲ ಅತ್ತೆಯವು. ಕೊಟ್ಟುಬಿಡೋಣ ಅಂದರೆ ಮನೆಯಲ್ಲಿ ಬೇಜಾರು. ಎಲ್ಲಿಂದ ಕೈ ಹಾಕಲಿ?

ಉತ್ತರ:
ಅತ್ತೆಯ ಪಾತ್ರೆ ಮುಟ್ಟಬೇಡಿ, ಅದು ಅವರ ನೆನಪು. ನಿಮ್ಮದೇ ಒಂದು ಡ್ರಾಯರ್ ತೆಗೆಯಿರಿ. ಹದಿನೈದು ನಿಮಿಷ ಅಲಾರಂ ಇಡಿ, ಹೊಡೆದ ಕೂಡಲೇ ಎದ್ದುಬಿಡಿ. ಮುಟ್ಟಿನ ದಿನಗಳಲ್ಲಿ ಅದೂ ಬೇಡ.

ಒಂದು ಮಾತು ಎಲ್ಲರಿಗೂ. ಗಂಟೆಗೊಂದು ಪ್ಯಾಡ್ ಒದ್ದೆಯಾಗುವಷ್ಟು ರಕ್ತ ಹೋದರೆ, ಮುಟ್ಟು ಏಳು ದಿನ ಮೀರಿದರೆ, ಅಥವಾ 12 ತಿಂಗಳು ಮುಟ್ಟು ನಿಂತ ಮೇಲೆ ಮತ್ತೆ ರಕ್ತ ಕಂಡರೆ ಡಾಕ್ಟರ್ ಹತ್ತಿರ ಹೋಗಿ. ಮನೆ ಕೆಲಸ ಹಾಗೇ ಬಿದ್ದಿರಲಿ.

ಪ್ರಶ್ನೆ ಕೇಳಿದವರು:
ಇವತ್ತು ಬ್ಲಾಂಕೆಟ್ ತೆಗೆದಿಟ್ಟೆ ಡಾಕ್ಟ್ರೇ. ನಾಳೆ ಬೆಳಿಗ್ಗೆ ರಕ್ತ ಪರೀಕ್ಷೆಗೆ ಹೋಗುತ್ತಿದ್ದೇನೆ. ಮಗ ಕ್ಯಾಲೆಂಡರ್‌ಗೆ ಮೊಳೆ ಹೊಡೆಯುತ್ತಿದ್ದಾನೆ.