ಮ್ಯಾಸ್ಟೊಡಾನ್‌ನಲ್ಲಿ ಥ್ರೆಡ್ಸ್‌ನವರು ಸಿಗುತ್ತಿಲ್ಲ, ತಲೆ ಕೆಟ್ಟುಹೋಗಿದೆ

ಕೆರೆಏರಿ_ಮೈಸೂರು: ನಮ್ಮ ಹಕ್ಕಿ ನೋಡುವ ಗುಂಪಿಗೆ ಅಂತ ಸ್ವಂತ ಮ್ಯಾಸ್ಟೊಡಾನ್ (ಯಾರು ಬೇಕಾದರೂ ತಮ್ಮದೇ ಸರ್ವರ್‌ನಲ್ಲಿ ನಡೆಸಬಹುದಾದ ಸೋಶಿಯಲ್ ಮೀಡಿಯಾ) ಸರ್ವರ್ ಇಟ್ಟಿದ್ದೇವೆ. ಕುಕ್ಕರಹಳ್ಳಿ ಕೆರೆ, ಲಿಂಗಾಂಬುಧಿ, ರಂಗನತಿಟ್ಟು ಫೋಟೋಗಳೆಲ್ಲ ಅಲ್ಲೇ. ಅರ್ಧ ಜನ ಥ್ರೆಡ್ಸ್ (ಫೇಸ್‌ಬುಕ್ ನಡೆಸುವ ಮೆಟಾ ಕಂಪನಿಯ ಆ್ಯಪ್) ಬಿಟ್ಟು ಬರಲ್ಲ ಅಂತಾರೆ. ಬರೋದು ಬೇಡ, ನಾವೇ ಫಾಲೋ ಮಾಡೋಣ ಅಂದರೆ ಹುಡುಕಿದರೂ ಹೆಸರೇ ಬರುತ್ತಿಲ್ಲ. ಎಲ್ಲಾ ಸೆಟ್ಟಿಂಗ್ ನೋಡಾಯ್ತು, ರೀಸ್ಟಾರ್ಟ್ ಆಯ್ತು. ಯಾರಾದರೂ ಹೇಳಿ.

ಪೈ_ಪ್ರಿಯ: ಸರ್ವರ್ ಓಡೋದು ರಾಸ್ಪ್‌ಬೆರಿ ಪೈ 4 ಅನ್ನೋ ಪುಟ್ಟ ಕಂಪ್ಯೂಟರ್‌ನಲ್ಲಾದರೆ ಮೊದಲು ಗಡಿಯಾರ ನೋಡಿ. ಅದರಲ್ಲಿ ಬ್ಯಾಟರಿ ಗಡಿಯಾರ ಇಲ್ಲ. ಕರೆಂಟ್ ಹೋಗಿ ಬಂದರೆ ನೆಟ್ ಸಿಗುವ ತನಕ ಹಳೇ ಟೈಮ್‌ನಲ್ಲೇ ಓಡುತ್ತದೆ. ಸರ್ವರ್‌ಗಳು ಒಂದಕ್ಕೊಂದು ಕಳಿಸುವ ರಿಕ್ವೆಸ್ಟ್‌ಗೆ ಸಹಿ ಇರುತ್ತದೆ, ಜೊತೆಗೆ ತಾರೀಖೂ ಇರುತ್ತದೆ. ಟೈಮ್ ತುಂಬಾ ತಪ್ಪಿದ್ದರೆ ಆ ಕಡೆ ತಗೊಳ್ಳಲ್ಲ.

ಕೆರೆಏರಿ_ಮೈಸೂರು: ಪೈ 4 ಹೌದು. ಟೈಮ್ ಸರಿಯಾಗಿದೆ.

ಪೈ_ಪ್ರಿಯ: ಫೋನ್ ನೋಡಿ ಹೇಳಬೇಡಿ. ಟರ್ಮಿನಲ್‌ನಲ್ಲಿ ಡೇಟ್ ಅಂತ ಹೊಡೆದು ನೋಡಿ. ನನ್ನದು ಪೈ 5, ಗಡಿಯಾರದ ಬ್ಯಾಟರಿ ಬೇರೆ ತಂದು ಹಾಕಿದ್ದೇನೆ. ಎನ್‌ವಿಎಂಇ ಡಿಸ್ಕ್, ಮೇಲೆ ಇನ್ವರ್ಟರ್. ಬೀದಿಗೆಲ್ಲ ಕರೆಂಟ್ ಹೋದರೂ ನನ್ನ ಸರ್ವರ್ ನಿಲ್ಲಲ್ಲ.

ಬೆಲ್ಲದ_ಮನೆ_ಮಂಡ್ಯ: ಗಡಿಯಾರ ಬಿಡಿ ಸಾರ್. ಬೇರೆ ಮ್ಯಾಸ್ಟೊಡಾನ್ ಸರ್ವರ್‌ನವರು ಸಿಗುತ್ತಾರಾ?

ಕೆರೆಏರಿ_ಮೈಸೂರು: ಅವರೆಲ್ಲ ಸಿಗುತ್ತಾರೆ. ಅದನ್ನೂ ಹೇಳಬೇಕಿತ್ತಾ?

ಬೆಲ್ಲದ_ಮನೆ_ಮಂಡ್ಯ: ಮತ್ತೆ? ಅದೇ ಮುಖ್ಯ. ಹಾಗಾದರೆ ಗಡಿಯಾರ, ರೌಟರ್ ಯಾವುದರದ್ದೂ ತಪ್ಪಿಲ್ಲ. ಥ್ರೆಡ್ಸ್‌ನವರು ತಾವೇ ಫೆಡಿವರ್ಸ್ ಶೇರಿಂಗ್ (ಮ್ಯಾಸ್ಟೊಡಾನ್‌ನಂಥ ಹೊರಗಿನ ಸರ್ವರ್‌ಗಳಿಗೂ ಪೋಸ್ಟ್ ಕಾಣಿಸುವ ಸೆಟ್ಟಿಂಗ್) ಆನ್ ಮಾಡಿರಬೇಕು, ಪ್ರೊಫೈಲ್ ಪಬ್ಲಿಕ್ ಇರಬೇಕು. ಇಲ್ಲದಿದ್ದರೆ ನಮ್ಮ ಪಾಲಿಗೆ ಅವರು ಇಲ್ಲ. ಆಮೇಲೆ ವಿಳಾಸ. ಥ್ರೆಡ್ಸ್ ವೆಬ್‌ಸೈಟ್ 2025ರಲ್ಲಿ ಡಾಟ್ ಕಾಮ್ ಆಯಿತು, ಆದರೆ ಹುಡುಕುವಾಗ ಹೆಸರಿನ ಕೊನೆಗೆ ಥ್ರೆಡ್ಸ್ ಡಾಟ್ ನೆಟ್ ಅಂತಲೇ ಹಾಕಬೇಕು.

ಪೈ_ಪ್ರಿಯ: ಟೈಮ್‌ಝೋನ್ ಏನಿಟ್ಟಿದ್ದೀರಿ? ಐಎಸ್‌ಟಿನಾ, ಯುಟಿಸಿನಾ?

ಬೆಲ್ಲದ_ಮನೆ_ಮಂಡ್ಯ: ಟೈಮ್‌ಝೋನ್‌ಗೂ ಇದಕ್ಕೂ ಸಂಬಂಧ ಇಲ್ಲ ಗುರು.

ಒಂಟಿಕೊಪ್ಪಲ್_ವಾಣಿ: ಅಲ್ಲ, ಮೆಟಾ ಕೈಗೆ ಸಿಗಬಾರದು ಅಂತ ತಾನೆ ಸ್ವಂತ ಸರ್ವರ್ ಇಡೋದು? ಗೂಗಲ್ ಟಾಕ್ ನೆನಪಿದೆಯಾ? ಎಕ್ಸ್‌ಎಂಪಿಪಿ ಅನ್ನೋ ಮುಕ್ತ ಚಾಟ್ ಸ್ಟ್ಯಾಂಡರ್ಡ್ ಇಟ್ಟುಕೊಂಡು ಹೊರಗಿನ ಸರ್ವರ್‌ಗಳ ಜೊತೆಗೂ ಮಾತಾಡುತ್ತಿತ್ತು. 2013ರಲ್ಲಿ ಗೂಗಲ್‌ನದೇ ಹ್ಯಾಂಗೌಟ್ಸ್ ಬಂತು, ಬಾಗಿಲು ಹಾಕಿಕೊಂಡರು. ಸಣ್ಣ ಸರ್ವರ್‌ನವರು ಹೊರಗೇ ಉಳಿದರು.

ಬೆಲ್ಲದ_ಮನೆ_ಮಂಡ್ಯ: ಮ್ಯಾಸ್ಟೊಡಾನ್, ಥ್ರೆಡ್ಸ್ ಒಂದಕ್ಕೊಂದು ಮಾತಾಡೋಕೆ ಬಳಸುವ ಆಕ್ಟಿವಿಟಿಪಬ್ ಹಾಗಲ್ಲ ಮೇಡಂ. ವೆಬ್‌ಗೆ ಸ್ಟ್ಯಾಂಡರ್ಡ್ ಮಾಡುವ ಡಬ್ಲ್ಯು3ಸಿ ಸಂಸ್ಥೆ 2018ರಲ್ಲೇ ಒಪ್ಪಿದ ಸ್ಟ್ಯಾಂಡರ್ಡ್. ಯಾರ ಸ್ವತ್ತೂ ಅಲ್ಲ.

ಒಂಟಿಕೊಪ್ಪಲ್_ವಾಣಿ: ಎಕ್ಸ್‌ಎಂಪಿಪಿ ಯಾರ ಸ್ವತ್ತಾಗಿತ್ತು?

ಬೆಲ್ಲದ_ಮನೆ_ಮಂಡ್ಯ: ಅದು ಆಮೇಲೆ ಜಗಳ ಆಡೋಣ. ಕೆರೆಏರಿ ಸಾರ್, ಮಾಡರೇಶನ್ ಒಳಗೆ ಫೆಡರೇಶನ್ ಪುಟ ತೆರೆದು ಥ್ರೆಡ್ಸ್ ಡಾಟ್ ನೆಟ್ ಹುಡುಕಿ. ಸಸ್ಪೆಂಡ್, ಅಂದರೆ ಪೂರ್ತಿ ಬ್ಲಾಕ್, ಅಂತ ಇದೆಯಾ?

ಕೆರೆಏರಿ_ಮೈಸೂರು: ಇದೆ! ಜೊತೆಗೆ ಸರ್ವರ್ ನೋಡಿಕೊಳ್ಳುವ ಹುಡುಗ ಸ್ಪ್ಯಾಮ್ ಕಾಟ ಅಂತ ಯಾವುದೋ ಬ್ಲಾಕ್‌ಲಿಸ್ಟ್ ಇಂಪೋರ್ಟ್ ಮಾಡಿದ್ದನಂತೆ. ತೆಗೆದುಬಿಡಲಾ?

ಬೆಲ್ಲದ_ಮನೆ_ಮಂಡ್ಯ: 2023ರಲ್ಲಿ ಥ್ರೆಡ್ಸ್ ಬಂದಾಗ ಸುಮಾರು ಸರ್ವರ್‌ನವರು ಮುಂಚೆಯೇ ಬ್ಲಾಕ್ ಮಾಡಿ ಕೂತಿದ್ದರು. ಅಂಥ ಪಟ್ಟಿ ಇರಬೇಕು. ಪೂರ್ತಿ ತೆಗೆಯೋಕೆ ಮನಸ್ಸಿಲ್ಲದಿದ್ದರೆ ಲಿಮಿಟ್ ಅಂತ ಇಡಿ. ಪಬ್ಲಿಕ್ ಟೈಮ್‌ಲೈನ್‌ನಲ್ಲಿ ಕಾಣಲ್ಲ, ಫಾಲೋ ಮಾಡಿದವರಿಗೆ ಕಾಣುತ್ತದೆ. ಸಸ್ಪೆಂಡ್ ಆದಾಗ ಕಡಿದುಹೋದ ಫಾಲೋಗಳು ಮಾತ್ರ ತಾನಾಗಿ ವಾಪಸ್ ಬರಲ್ಲ. ಹೊಸದಾಗಿ ಮಾಡಬೇಕು.

ಒಂಟಿಕೊಪ್ಪಲ್_ವಾಣಿ: ಗುಂಪಿನವರನ್ನು ಕೇಳದೆ ಮುಟ್ಟಬೇಡಿ. ಆ ಹುಡುಗ ಸರಿಯಾಗೇ ಮಾಡಿದ್ದಾನೆ.

ಕೆರೆಏರಿ_ಮೈಸೂರು: ಲಿಮಿಟ್ ಹಾಕಿದೆ. ಇಬ್ಬರು ಸಿಕ್ಕರು. ಒಬ್ಬರು ಇನ್ನೂ ಸಿಗುತ್ತಿಲ್ಲ, ಶೇರಿಂಗ್ ಆನ್ ಇದೆ ಅಂತಾರೆ. ಹುಡುಗ ನನ್ನ ಮೇಲೆ ಮುನಿಸಿಕೊಂಡಿದ್ದಾನೆ.

ಹೊಸಬ_ಶ್ರೀರಂಗಪಟ್ಟಣ: ಬ್ಲೂಸ್ಕೈ ಆ್ಯಪ್‌ನವರನ್ನೂ ಹೀಗೇ ಫಾಲೋ ಮಾಡಬಹುದಾ?

ಬೆಲ್ಲದ_ಮನೆ_ಮಂಡ್ಯ: ಅದರ ಪ್ರೋಟೋಕಾಲ್ ಬೇರೆ, ಎಟಿ ಅಂತ. ನಡುವೆ ಬ್ರಿಡ್ಜಿ ಫೆಡ್ ಅನ್ನೋ ಸೇತುವೆಯಂಥ ಸೇವೆ ಬೇಕು, ಅವರೂ ಅದಕ್ಕೆ ಒಪ್ಪಿರಬೇಕು. ಬೇರೆ ಚರ್ಚೆ ತೆರೆಯಿರಿ, ಹೇಳುತ್ತೇನೆ.

ಪೈ_ಪ್ರಿಯ: ನನ್ನ ಪೈ 5 ಸೆಟಪ್ ಫೋಟೋ ಹಾಕಿದ್ದೇನೆ, ನೋಡಿ.

ಹೊಸಬ_ಶ್ರೀರಂಗಪಟ್ಟಣ: ಸೂಪರ್ ಅಣ್ಣ. ಫ್ಯಾನ್ ಯಾವುದು? ಏಪ್ರಿಲ್‌ನಲ್ಲಿ ಬಿಸಿ ಆಗಲ್ವಾ?