ನಗಿಸುವ, ಬೆಚ್ಚಿಬೀಳಿಸುವ ಕನ್ನಡ ಪುಸ್ತಕ ಹೇಳಿ: ಮಗಳಿಗೆ 13 ವರ್ಷ

ಬನಶಂಕರಿ ಅಮ್ಮ:
ಮಗಳು ಇಂಗ್ಲಿಷಿನಲ್ಲಿ ಮಾಟ ಮಂತ್ರ, ಡ್ರ್ಯಾಗನ್ನು, ಕೊಲೆ, ಪತ್ತೇದಾರಿ, ಏನು ಸಿಕ್ಕಿದರೂ ಓದುತ್ತಾಳೆ. ಈಚೆಗೆ ಇನ್ನೊಂದು ಹುಚ್ಚು ಹತ್ತಿದೆ. ಹಳೇ ಕ್ಲಾಸಿಕ್ ಕಥೆಯನ್ನು ಯಾರಾದರೂ ತಿರುಚಿ ತಮಾಷೆಯಾಗಿ ಬರೆದಿರುತ್ತಾರಲ್ಲ, ಅಂಥವು. ರಾತ್ರಿ ಹೊದಿಕೆಯೊಳಗೆ ಒಬ್ಬಳೇ ಕಿಸಕ್ಕೆಂದು ನಗುತ್ತಿರುತ್ತಾಳೆ. ಕನ್ನಡ ಓದಲು ಬರುತ್ತದೆ, ಆದರೆ ನಿಧಾನ. ಕಳೆದ ರಜೆಯಲ್ಲಿ ಒಂದು ನೀತಿಕಥೆ ಪುಸ್ತಕ ಕೊಟ್ಟೆ. ನಾಲ್ಕು ಪುಟ ಓದಿ, "ಅಮ್ಮಾ, ಇದರಲ್ಲಿ ಎಲ್ಲರೂ ಯಾಕೆ ಬರೀ ಬುದ್ಧಿ ಹೇಳ್ತಾರೆ?" ಅಂದಳು. ನನ್ನ ಹತ್ತಿರ ಉತ್ತರ ಇರಲಿಲ್ಲ, ಪುಸ್ತಕ ವಾಪಸ್ ಕಪಾಟಿಗೆ ಹೋಯಿತು. ದಯವಿಟ್ಟು "ಎಲ್ಲ ಮಕ್ಕಳೂ ಓದಲೇಬೇಕಾದ ಹತ್ತು ಪುಸ್ತಕ" ಥರದ ಪಟ್ಟಿ ಕೊಡಬೇಡಿ, ನೀವು ನಿಜವಾಗಿ ಓದಿ ಖುಷಿಪಟ್ಟದ್ದು ಮಾತ್ರ ಹೇಳಿ.

ಘಾಟಿ ರಸ್ತೆ:
ಕಣ್ಣು ಮುಚ್ಚಿಕೊಂಡು ತೇಜಸ್ವಿ. ಆದರೆ ಎಲ್ಲರೂ 'ಕರ್ವಾಲೋ' ಕೊಡುತ್ತಾರೆ, ನೀವು 'ಜುಗಾರಿ ಕ್ರಾಸ್' ಕೊಡಿ. ಏಲಕ್ಕಿ ದಂಧೆ, ಕಾಡು, ರೈಲು, ಹಳೇ ಕಾವ್ಯವೊಂದರ ಒಗಟು, ಎಲ್ಲವೂ ಒಂದೇ ದಿನದೊಳಗೆ ಗಿರಗಿರ ಸುತ್ತುತ್ತದೆ. ನಾನು ಪಿಯುಸಿಯಲ್ಲಿದ್ದಾಗ ಪರೀಕ್ಷೆಯ ಹಿಂದಿನ ರಾತ್ರಿ ಹಿಡಿದು ಬೆಳಗಿನ ಜಾವ ಮುಗಿಸಿದೆ. ಪರೀಕ್ಷೆ ಏನಾಯಿತು ಅಂತ ಕೇಳಬೇಡಿ. 'ಚಿದಂಬರ ರಹಸ್ಯ'ವನ್ನು ಈಗಲೇ ಕೊಡಬೇಡಿ, ಎರಡು ವರ್ಷ ಬಿಟ್ಟು ಕೊಡಿ. ಅದರಲ್ಲೂ ಒಂದು ಸಾವಿನ ಪತ್ತೇದಾರಿ ಇದೆ ನಿಜ, ಆದರೆ ಕೊನೇ ಪುಟದಲ್ಲಿ ಪತ್ತೇದಾರ ಎಲ್ಲರನ್ನೂ ಕೂರಿಸಿ "ಕೊಲೆಗಾರ ಇವನೇ" ಅನ್ನುವ ಕಥೆ ಅಲ್ಲ ಅದು. ಅಂಥದ್ದನ್ನೇ ಬಯಸುವ ವಯಸ್ಸಿನಲ್ಲಿ ಓದಿದರೆ ಸಿಟ್ಟು ಬರುತ್ತದೆ. ನನಗೆ ಬಂದಿತ್ತು.

ಹಳೇ ಲೈಬ್ರರಿ ಕಾರ್ಡು:
ತೇಜಸ್ವಿ ಸರಿ, ಆದರೆ ಪತ್ತೇದಾರಿ ಅಂದಮೇಲೆ ಎನ್. ನರಸಿಂಹಯ್ಯನವರ ಹೆಸರು ಬರಲೇಬೇಕಲ್ವಾ? ಐನೂರಕ್ಕೂ ಹೆಚ್ಚು ಕಾದಂಬರಿ ಬರೆದವರು. ಅವರ ಪತ್ತೇದಾರ ಪುರುಷೋತ್ತಮನನ್ನು ಓದುವುದಕ್ಕೆಂದೇ ಕನ್ನಡ ಓದು ಗಟ್ಟಿ ಮಾಡಿಕೊಂಡವರು ನಮ್ಮ ಮನೆಯಲ್ಲೇ ಇದ್ದರು. ನಮ್ಮ ತಾಯಿ. ಇನ್ನೊಬ್ಬರು ಮ. ರಾಮಮೂರ್ತಿ. ನವೆಂಬರ್ ಬಂದರೆ ಊರೆಲ್ಲ ಹಾರಿಸುವ ಹಳದಿ ಕೆಂಪು ಬಾವುಟ ರೂಪಿಸಿದವರು ಒಬ್ಬ ಪತ್ತೇದಾರಿ ಕಾದಂಬರಿಕಾರ ಅಂತ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ.

ಆಗ ಬೀದಿ ಮೂಲೆಯ ಬಾಡಿಗೆ ಲೈಬ್ರರಿಯಿಂದ ತರುತ್ತಿದ್ದೆವು. ಒಂದು ಸಲ ತಂದ ಪುಸ್ತಕದ ಮೊದಲ ಪುಟದಲ್ಲೇ ಯಾವನೋ ಪೆನ್ಸಿಲ್‌ನಲ್ಲಿ "ಕೊಲೆ ಮಾಡಿದ್ದು ಅಡಿಗೆಯವನು" ಅಂತ ಬರೆದಿಟ್ಟಿದ್ದ. ಹೊಟ್ಟೆ ಉರಿದುಹೋಯಿತು. ಕಾಸು ಕೊಟ್ಟಾಗಿದೆ, ಓದದೆ ಬಿಡುವ ಹಾಗಿಲ್ಲ. ಅಡಿಗೆಯವನು ಕಾಫಿ ತಂದರೂ ಅನುಮಾನ, ಬಾಗಿಲು ಹಾಕಿದರೂ ಅನುಮಾನ. ಕೊನೆಗೆ ನೋಡಿದರೆ ಅವನು ಪಾಪದವನು, ಕೊಲೆಗಾರ ಬೇರೆ ಯಾರೋ! ಆ ಪೆನ್ಸಿಲ್ ಪುಣ್ಯಾತ್ಮ ಬೇಕಂತಲೇ ಸುಳ್ಳು ಬರೆದಿದ್ದ. ಅವನನ್ನು ಈಗಲೂ ಒಂದು ಸಲ ನೋಡಬೇಕು ಅನ್ನಿಸುತ್ತದೆ. ಅವೆನ್ಯೂ ರೋಡಿನ ಹಳೇ ಪುಸ್ತಕದವರ ಹತ್ತಿರ ಹುಡುಕಿ, ಅದೃಷ್ಟ ಇದ್ದರೆ ಸಿಗುತ್ತದೆ.

ಪುಸ್ತಕದ ಹುಳ:
ಅಕ್ಕಾ, ತಿರುಚಿದ ಕ್ಲಾಸಿಕ್ ಕೇಳಿದಿರಿ, ಅದರ ಬಗ್ಗೆ ಯಾರೂ ಹೇಳಲೇ ಇಲ್ಲ. ಮೊದಲನೆಯದು ನಮ್ಮೆಲ್ಲರ ಕಣ್ಣ ಮುಂದೆಯೇ ಇದೆ: ಕುವೆಂಪು ಅವರ 'ಬೊಮ್ಮನಹಳ್ಳಿಯ ಕಿಂದರಿಜೋಗಿ'. ಇಂಗ್ಲಿಷ್ ಕವಿ ಬ್ರೌನಿಂಗ್ 1842ರಲ್ಲಿ ಪ್ರಕಟಿಸಿದ ಇಲಿ ಕಥೆಯೇ ಇದು. ಆದರೆ ಜರ್ಮನಿಯ ಊರು ಹೋಗಿ ಬೊಮ್ಮನಹಳ್ಳಿ ಬಂತು, ವೇಸರ್ ನದಿ ಹೋಗಿ ತುಂಗೆ ಬಂತು, ಮೇಯರ್ ಹೋಗಿ ಗೌಡ ಬಂದ. ನನಗೆ ಎಲ್ಲಕ್ಕಿಂತ ಇಷ್ಟವಾದ ಬದಲಾವಣೆ ವಾದ್ಯದ್ದು. ಅಲ್ಲಿ ಊದುವ ಕೊಳಲು, ಇಲ್ಲಿ ಕಿಂದರಿ, ಅಂದರೆ ಜೋಗಿಗಳು ಮನೆಮನೆಗೆ ನುಡಿಸಿಕೊಂಡು ಬರುತ್ತಿದ್ದ ತಂತಿಯ ಕಿನ್ನರಿ. ಆ ಒಂದು ಬದಲಾವಣೆಯಿಂದ ಅವನು ಪರದೇಶಿ ಮಾಂತ್ರಿಕ ಅನ್ನಿಸುವುದೇ ಇಲ್ಲ, ನಮ್ಮ ಬಾಗಿಲಿಗೂ ಬಂದಿದ್ದವನ ಹಾಗಿರುತ್ತಾನೆ. ಇಲಿಗಳ ಮೆರವಣಿಗೆಯ ಭಾಗವನ್ನು ಜೋರಾಗಿ ಓದಿಸಿ. ಒತ್ತಕ್ಷರದ ಭಯ ತಾಳದಲ್ಲೇ ಕೊಚ್ಚಿಹೋಗುತ್ತದೆ.

ಎರಡನೆಯದು ನಾ. ಕಸ್ತೂರಿಯವರ 'ಪಾತಾಳದಲ್ಲಿ ಪಾಪಚ್ಚಿ'. ಹೆಸರು ಕೇಳಿದರೇ ಗೊತ್ತಾಗುತ್ತದಲ್ಲ, ಮೊಲದ ಬಿಲಕ್ಕೆ ಬಿದ್ದ ಆಲಿಸ್ ಕನ್ನಡದಲ್ಲಿ ಪಾಪಚ್ಚಿ ಆಗಿದ್ದಾಳೆ. ಅಂಗಡಿಯಲ್ಲಿ ಸಿಗುವುದು ಕಷ್ಟ. ಹಳೇ ಕನ್ನಡ ಪುಸ್ತಕಗಳ ಸ್ಕ್ಯಾನ್ ಇಂಟರ್ನೆಟ್ ಆರ್ಕೈವ್‌ನಲ್ಲಿ ತುಂಬಾ ಇವೆ, ಅಲ್ಲೊಮ್ಮೆ ಹುಡುಕಿ.

ನಂದಳಿಕೆ ಕಡೆಯವ:
ಸ್ವಲ್ಪ ತಕರಾರು ಇದೆ. ತಿರುಚಿದ ಕಥೆಗೆ ನಗು ಬರಬೇಕಾದರೆ ಮೂಲ ಗೊತ್ತಿರಬೇಕು. ನಿಮ್ಮ ಮಗಳು ಇಂಗ್ಲಿಷಿನಲ್ಲಿ ನಗುವುದು ಆ ಮೂಲ ಕಥೆಗಳು ಅವಳಿಗೆ ಮೊದಲೇ ಗೊತ್ತಿರುವುದರಿಂದ. ಅದೇ ನಮ್ಮ ಕಡೆಯ ಮಕ್ಕಳು ಯಕ್ಷಗಾನದಲ್ಲಿ ಉತ್ತರ ಕುಮಾರ ಬಂದ ಕೂಡಲೇ ನಗಲು ಶುರು ಮಾಡುತ್ತಾರೆ, ಅವನಿನ್ನೂ ಬಾಯಿ ಬಿಟ್ಟಿರುವುದಿಲ್ಲ. ಯಾಕೆಂದರೆ ರಥದಿಂದ ಹಾರಿ ಓಡುವವನು ಇವನೇ ಅಂತ ಗೊತ್ತು. ಹಾಗಾಗಿ ಮೊದಲು ವಿರಾಟಪರ್ವದ ಕಥೆ ಬಾಯಲ್ಲಿ ಹೇಳಿ, ಆಮೇಲೆ ಒಂದು ಆಟ ತೋರಿಸಿ. ಪುಸ್ತಕ ಮೂರನೇ ಹೆಜ್ಜೆ.

ಮತ್ತೆ ನಮ್ಮೂರಿನ ಮುದ್ದಣನನ್ನು ಬಿಟ್ಟರೆ ಹೇಗೆ? 'ಶ್ರೀ ರಾಮಾಶ್ವಮೇಧ'ದಲ್ಲಿ ಗಂಡ ಕಥೆ ಹೇಳುತ್ತಾನೆ, ಹೆಂಡತಿ ಮನೋರಮೆ ನಡುನಡುವೆ ತಡೆದು ಕಾಲೆಳೆಯುತ್ತಾಳೆ, ಸಂಸ್ಕೃತ ಜಾಸ್ತಿ ಆದರೆ ಕನ್ನಡದಲ್ಲಿ ಹೇಳು ಅಂತ ಜಗಳ ತೆಗೆಯುತ್ತಾಳೆ. ಭಾಷೆ ಹಳೆಗನ್ನಡದ ಧಾಟಿ, ಅವಳಿಗೆ ಈಗ ಆಗದು. ಆದರೆ ನೀವು ಓದಿಕೊಂಡು ಆ ಮಾತುಕತೆಯನ್ನಷ್ಟೇ ನಿಮ್ಮ ಕನ್ನಡದಲ್ಲಿ ಆಡಿ ತೋರಿಸಬಹುದು. ಇದರ ಹಿಂದೆ ಒಂದು ಪತ್ತೇದಾರಿಯೂ ಇದೆ: ಮುದ್ದಣ ಅಂದರೆ ಉಡುಪಿಯಲ್ಲಿ ಡ್ರಿಲ್ ಮೇಷ್ಟ್ರಾಗಿದ್ದ ಲಕ್ಷ್ಮೀನಾರಣಪ್ಪ. ಈತ ತನ್ನದೇ ಕೃತಿಯನ್ನು ಯಾರೋ ಹಳೇ ಕವಿಯದು ಅನ್ನುವ ಹಾಗೆ ಪ್ರಕಟಣೆಗೆ ಕಳಿಸಿದ. 1901ರಲ್ಲಿ ತೀರಿಕೊಂಡಾಗ ಇನ್ನೂ ಚಿಕ್ಕ ವಯಸ್ಸು. ಮುದ್ದಣ ಯಾರು ಅನ್ನುವ ಗುಟ್ಟು ಪೂರ್ತಿ ಬಯಲಾದದ್ದು ಆಮೇಲೆ.

ಘಾಟಿ ರಸ್ತೆ:
@ನಂದಳಿಕೆ ಕಡೆಯವ, ಅಣ್ಣಾ, 13 ವರ್ಷದ ಹುಡುಗಿಗೆ ಮುದ್ದಣ! ನೀತಿಕಥೆಯನ್ನೇ ನಾಲ್ಕು ಪುಟಕ್ಕೆ ಬಿಟ್ಟವಳು. ಅದಕ್ಕಿಂತ ಕೆ.ಎನ್. ಗಣೇಶಯ್ಯನವರ 'ಕನಕ ಮುಸುಕು' ವಾಸಿ. ಸೋಮನಾಥಪುರದ ಹೊಯ್ಸಳ ಶಿಲ್ಪದ ಕೈಯಲ್ಲಿರುವುದು ಮುಸುಕಿನ ಜೋಳವೇ ಅನ್ನುವ ಅನುಮಾನದ ಸುತ್ತ ಹೆಣೆದ ಕಥೆ. ಆ ಗುಡಿ 1258ರದ್ದು, ಮುಸುಕಿನ ಜೋಳ ಅಮೆರಿಕದ ಬೆಳೆ, ಕೊಲಂಬಸ್ ಹೊರಟದ್ದು 1492ರಲ್ಲಿ. ಬರೆದವರು ಕೃಷಿ ವಿಜ್ಞಾನಿ. ಅದು ನಿಜವಾಗಿಯೂ ಜೋಳವೇ ಅನ್ನುವ ಜಗಳ ಬೇರೆ, ಕಥೆಯ ಮಜಾ ಬೇರೆ.

ನಂದಳಿಕೆ ಕಡೆಯವ:
ಓದಲು ಕೊಡಿ ಅಂದಿಲ್ಲ ಮಾರಾಯರೇ, ಆಡಿ ತೋರಿಸಿ ಅಂದೆ.

ಬನಶಂಕರಿ ಅಮ್ಮ:
ಎಲ್ಲರಿಗೂ ಥ್ಯಾಂಕ್ಸ್. ಶನಿವಾರ ಕಿಂದರಿಜೋಗಿ ಓದಿದೆವು, ಒಂದು ಸಾಲು ನಾನು, ಒಂದು ಸಾಲು ಅವಳು. ಇಲಿಗಳು ಬರುವ ಹೊತ್ತಿಗೆ ನನ್ನ ಸಾಲನ್ನೂ ಅವಳೇ ಕಿತ್ತುಕೊಂಡಳು. ಎರಡು ಕಡೆ ತಡವರಿಸಿದಳು, ನಾನು ಸುಮ್ನೆ ಇದ್ದೆ. ಆಮೇಲೆ ಇಂಗ್ಲಿಷ್ ಪದ್ಯವನ್ನು ಫೋನಿನಲ್ಲಿ ಹುಡುಕಿ ಪಕ್ಕದಲ್ಲಿಟ್ಟುಕೊಂಡು ಯಾವುದರಲ್ಲಿ ಇಲಿಗಳು ಜಾಸ್ತಿ ತರಲೆ ಅಂತ ಲೆಕ್ಕ ಹಾಕುತ್ತಾ ಕೂತಳು. ಮಕ್ಕಳೆಲ್ಲ ಬೆಟ್ಟದೊಳಗೆ ಹೋಗುವ ಜಾಗದಲ್ಲಿ ಮಾತ್ರ ಮಾತಾಡಲಿಲ್ಲ. ನಾನೂ ಏನೂ ಕೇಳಲಿಲ್ಲ.

'ಜುಗಾರಿ ಕ್ರಾಸ್' ಆರ್ಡರ್ ಮಾಡಿದ್ದೇನೆ. @ಹಳೇ ಲೈಬ್ರರಿ ಕಾರ್ಡು, ನಿಮ್ಮ ಪೆನ್ಸಿಲ್ ಕಥೆ ಹೇಳಿದ್ದೇ ತಪ್ಪಾಯಿತು ಸರ್. ನಿನ್ನೆ ನಾನು ಓದುತ್ತಿರುವ ಕಾದಂಬರಿಯ ಮೊದಲ ಪುಟದಲ್ಲಿ "ಅತ್ತೆಯೇ ಕೊಲೆಗಾರ್ತಿ" ಅಂತ ಬರೆದಿಟ್ಟಿದ್ದಾಳೆ. ಅದು ಕೊಲೆ ಕಥೆಯೇ ಅಲ್ಲ.