ಆಗುಂಬೆ ಘಾಟಿ ಹತ್ತಲು ಮೊದಲು ಬೇಕಾದದ್ದು ಯಾವುದು: ದೊಡ್ಡ ಕ್ಯಾಸೆಟ್ಟೋ, ಕ್ಲೀಟ್ ಶೂಗಳೋ?

ಪ್ರಶ್ನೆ: ಉಡುಪಿ ಸವಾರ

ಎಲ್ಲರಿಗೂ ನಮಸ್ಕಾರ. ನನ್ನದು ಶಿಮಾನೊ ಕ್ಲಾರಿಸ್ ಭಾಗಗಳಿರುವ ರೋಡ್ ಸೈಕಲ್. ಮುಂದೆ 50 ಮತ್ತು 34 ಹಲ್ಲುಗಳ ಚೈನ್‌ರಿಂಗ್‌ಗಳಿವೆ. ಹಿಂದೆ 11ರಿಂದ 28 ಹಲ್ಲುಗಳವರೆಗಿನ 8 ಗೇರಿನ ಕ್ಯಾಸೆಟ್ (ಹಿಂದಿನ ಗಾಲಿಯ ಹಲ್ಲುಚಕ್ರಗಳ ಗುಚ್ಛ) ಇದೆ. ಎರಡು ವರ್ಷಗಳಿಂದ ಸಾಧಾರಣ ಪೆಡಲ್‌ಗಳ ಮೇಲೆ ಓಟದ ಶೂ ಹಾಕಿಕೊಂಡೇ ತುಳಿಯುತ್ತಿದ್ದೇನೆ. ಹೆಬ್ರಿಯವರೆಗೆ ಯಾವ ತೊಂದರೆಯೂ ಇಲ್ಲ. ಆದರೆ ಸೋಮೇಶ್ವರ ದಾಟಿ ಘಾಟಿ ಹತ್ತತೊಡಗಿದರೆ, 14 ತಿರುವುಗಳಲ್ಲಿ ಐದಾರು ಮುಗಿಯುವಷ್ಟರಲ್ಲಿ ಮಂಡಿಚಿಪ್ಪಿನ ಸುತ್ತ ನೋವು ಶುರುವಾಗುತ್ತದೆ, ಅಂಗಾಲಿನ ಮುಂಭಾಗ ಜೋಮು ಹಿಡಿಯುತ್ತದೆ. ಮಳೆಗಾಲ ಮುಗಿದ ಮೇಲೆ 200 ಕಿ.ಮೀ. ಬ್ರೆವೆಯಲ್ಲಿ (ನಿಗದಿತ ಸಮಯದೊಳಗೆ ಮುಗಿಸಬೇಕಾದ ದೂರದ ಸವಾರಿ) ಭಾಗವಹಿಸುವ ಆಸೆಯಿದೆ. ಸದ್ಯಕ್ಕೆ 10,000 ರೂಪಾಯಿ ಖರ್ಚು ಮಾಡಬಲ್ಲೆ. ಅಂಗಡಿಯವರು ಕ್ಲೀಟನ್ನು, ಅಂದರೆ ಪೆಡಲಿಗೆ ಕಚ್ಚಿಕೊಳ್ಳುವ ತುಂಡನ್ನು, ಅಡಿಗೆ ಮೂರು ಬೋಲ್ಟಿನಿಂದ ಬಿಗಿಯುವ ರೇಸಿಂಗ್ ಶೂ ಮತ್ತು ಅದರ ಪೆಡಲ್ ತೆಗೆದುಕೊಳ್ಳಿ ಎನ್ನುತ್ತಾರೆ, ಗೆಳೆಯರೊಬ್ಬರು ಇಡೀ ಗೇರ್ ವ್ಯವಸ್ಥೆಯನ್ನೇ 10 ಗೇರಿಗೆ ಬದಲಿಸಿ ಎನ್ನುತ್ತಾರೆ. ಯಾವುದನ್ನು ಮೊದಲು ಮಾಡಲಿ?

ಉತ್ತರ: ತೀರ್ಥಹಳ್ಳಿಯ ಹಳೆಯ ಸವಾರ

ಮೊದಲು ಕ್ಯಾಸೆಟ್ ಬದಲಿಸಿ. ಶೂ ಒಂದು ತಿಂಗಳು ಕಾಯಬಹುದು, ಮಂಡಿ ಕಾಯುವುದಿಲ್ಲ.

ಲೆಕ್ಕ ಹಾಕಿ ನೋಡಿ. ಮುಂದೆ 34, ಹಿಂದೆ 28 ಇದ್ದಾಗ ಪೆಡಲ್ ಒಂದು ಸುತ್ತು ಬಂದರೆ ಸೈಕಲ್ ಸುಮಾರು 2.55 ಮೀಟರ್ ಮುಂದೆ ಹೋಗುತ್ತದೆ. ಕಡಿದಾದ ತಿರುವಿನಲ್ಲಿ ನಿಮ್ಮ ವೇಗ ಗಂಟೆಗೆ 8 ಕಿ.ಮೀ.ಗೆ ಇಳಿದರೆ ಕಾಲು ನಿಮಿಷಕ್ಕೆ 52 ಸುತ್ತು ಮಾತ್ರ ತಿರುಗುತ್ತದೆ, ಅಂದರೆ ಪ್ರತಿ ಸುತ್ತಿನಲ್ಲೂ ಮಂಡಿಯ ಮೇಲೆ ದೇಹದ ಭಾರವನ್ನೆಲ್ಲ ಹೇರಿ ತುಳಿದಂತಾಗುತ್ತದೆ. ಹಿಂದೆ 34 ಹಲ್ಲಿದ್ದರೆ ಅದೇ ವೇಗದಲ್ಲಿ 63 ಸುತ್ತು ಸಿಗುತ್ತದೆ. ಹನ್ನೊಂದು ಸುತ್ತಿನ ವ್ಯತ್ಯಾಸ ಕಾಗದದ ಮೇಲೆ ಸಣ್ಣದಾಗಿ ಕಂಡರೂ ಒಂಬತ್ತನೆಯ ತಿರುವಿನಲ್ಲಿ ಅದರ ಬೆಲೆ ಗೊತ್ತಾಗುತ್ತದೆ. 10 ಗೇರಿಗೆ ಹೋದರೆ ಗೇರ್ ಲಿವರ್, ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಡಿರೇಲರ್, ಚೈನು ಎಲ್ಲವನ್ನೂ ಬದಲಿಸಬೇಕಾಗುತ್ತದೆ. ನಿಮಗೆ ಬೇಕಾಗಿರುವುದು ಹೆಚ್ಚು ಗೇರುಗಳಲ್ಲ, ಇನ್ನೊಂದು ಹಗುರವಾದ ಗೇರು. 11ರಿಂದ 32 ಮತ್ತು 11ರಿಂದ 34 ಹಲ್ಲಿನ ಕ್ಯಾಸೆಟ್‌ಗಳು 8 ಗೇರಿನಲ್ಲೇ ಸಿಗುತ್ತವೆ.

ಆದರೆ ಕೊಳ್ಳುವ ಮೊದಲು ಹಿಂದಿನ ಡಿರೇಲರ್‌ನ ಒಳಬದಿಯಲ್ಲಿ ಅಚ್ಚಾಗಿರುವ ಮಾದರಿ ಸಂಖ್ಯೆಯನ್ನು ಓದಿಕೊಳ್ಳಿ. ಅದು ಎಷ್ಟು ದೊಡ್ಡ ಹಲ್ಲಿನ ಚಕ್ರವನ್ನು ತಾಳುತ್ತದೆ, ಒಟ್ಟು ಎಷ್ಟು ಚೈನನ್ನು ಎಳೆದು ಹಿಡಿಯುತ್ತದೆ ಎಂಬುದು ಆ ಸಂಖ್ಯೆಯಿಂದ ತಿಳಿಯುತ್ತದೆ. 34ರ ಕ್ಯಾಸೆಟ್ ಹಾಕಿದರೆ ಮುಂದಿನ ಹಲ್ಲುಗಳ ವ್ಯತ್ಯಾಸ 16 ಮತ್ತು ಹಿಂದಿನ ವ್ಯತ್ಯಾಸ 23 ಸೇರಿ 39 ಹಲ್ಲಿನ ಸಾಮರ್ಥ್ಯ ಬೇಕು. 32ರ ಕ್ಯಾಸೆಟ್ಟಾದರೆ 37 ಸಾಕು. ಕೇಜು, ಅಂದರೆ ಚೈನನ್ನು ಎಳೆದು ಹಿಡಿಯುವ ಕೆಳಗಿನ ತೋಳು, ಗಿಡ್ಡವಾಗಿರುವ ಡಿರೇಲರ್ ಆಗಿದ್ದರೆ ಉದ್ದ ಕೇಜಿನದನ್ನೂ ಖರ್ಚಿನಲ್ಲಿ ಸೇರಿಸಿಕೊಳ್ಳಿ. ಚೈನನ್ನೂ ಅಳೆಯಿರಿ: ಒಂದು ಪಿನ್ನಿನ ನಡುವಿನಿಂದ ಇಪ್ಪತ್ತನಾಲ್ಕನೆಯ ಕೊಂಡಿಯ ಪಿನ್ನಿನ ನಡುವಿನವರೆಗೆ ಸರಿಯಾಗಿ 12 ಅಂಗುಲವಿರಬೇಕು. ಅಂಗುಲದ ಹದಿನಾರನೆಯ ಒಂದು ಭಾಗ ಹೆಚ್ಚಾಗಿದ್ದರೆ ಚೈನು ಸವೆದಿದೆ ಎಂದರ್ಥ, ಎಂಟನೆಯ ಒಂದು ಭಾಗ ಹೆಚ್ಚಿದ್ದರೆ ಹಳೆಯ ಕ್ಯಾಸೆಟ್ಟೂ ಅದರ ಜೊತೆಯಲ್ಲೇ ಸವೆದಿರುತ್ತದೆ.

ಇದಕ್ಕೆಲ್ಲ ಮೊದಲು ಸೀಟಿನ ಎತ್ತರವನ್ನೂ ನೋಡಿ. ಪೆಡಲ್ ಕೆಳಗಿದ್ದಾಗ ಹಿಮ್ಮಡಿಯನ್ನು ಅದರ ಮೇಲಿಟ್ಟರೆ ಕಾಲು ಪೂರ್ತಿ ನೇರವಾಗಬೇಕು. ಸೀಟು ತಗ್ಗಾಗಿದ್ದರೂ ಮಂಡಿಯ ಮುಂಭಾಗವೇ ನೋಯುತ್ತದೆ. ಇದಕ್ಕೆ ಒಂದು ರೂಪಾಯಿಯೂ ಬೇಡ.

ಉತ್ತರ: ಶಿವಮೊಗ್ಗೆಯ ಬ್ರೆವೆ ಸವಾರ

ಕ್ಯಾಸೆಟ್ ವಿಷಯದಲ್ಲಿ ಹಿರಿಯರ ಮಾತನ್ನು ಪೂರ್ತಿ ಒಪ್ಪುತ್ತೇನೆ. ಆದರೆ ಜೋಮಿಗೆ ಕ್ಯಾಸೆಟ್ ಮದ್ದಲ್ಲ. ಓಟದ ಶೂವಿನ ಮೆತ್ತನೆಯ ಅಡಿ ಪೆಡಲಿನ ಅಂಚಿಗೆ ಬಾಗುತ್ತದೆ, ಇಡೀ ಒತ್ತಡ ಒಂದೇ ಕಡೆ ಬೀಳುತ್ತದೆ. ಗಟ್ಟಿ ಅಡಿಯ ಶೂ ಆ ಒತ್ತಡವನ್ನು ಇಡೀ ಪಾದಕ್ಕೆ ಹಂಚುತ್ತದೆ. ಪಾದವನ್ನು ಮೇಲಕ್ಕೆ ಎಳೆದರೆ ಬಲ ಹೆಚ್ಚುತ್ತದೆ ಎಂಬ ಅಂಗಡಿ ಮಾತನ್ನು ನಂಬಿ ಶೂ ಕೊಳ್ಳಬೇಡಿ. ಬಹುಪಾಲು ಬಲ ಕೆಳಕ್ಕೆ ತುಳಿಯುವಾಗಲೇ ಬರುವುದು.

ಮೂರು ಬೋಲ್ಟಿನ ಶೂ ನಿಮಗೆ ಬೇಡ. ಅದರ ಕ್ಲೀಟ್ ಹೊರಚಾಚಿರುತ್ತದೆ. ಬ್ರೆವೆಯ ಕಂಟ್ರೋಲಿನಲ್ಲಿ (ದಾರಿಯ ತಪಾಸಣಾ ಠಾಣೆ) ಕಾರ್ಡಿಗೆ ಮುದ್ರೆ ಹಾಕಿಸಿಕೊಂಡು, ಹೋಟೆಲಿನ ಒದ್ದೆ ನೆಲದ ಮೇಲೆ ನಡೆದು ಹೋಗಿ ಇಡ್ಲಿ ತಿನ್ನುವಷ್ಟರಲ್ಲಿ ಎರಡು ಸಲ ಜಾರುತ್ತದೆ. ಶಿಮಾನೊದ ಎರಡು ಬೋಲ್ಟಿನ ಎಸ್‌ಪಿಡಿ ಮಾದರಿಯ ಕ್ಲೀಟ್ ಶೂವಿನ ಅಡಿಯ ಒಳಗೇ ಹುದುಗಿರುವುದರಿಂದ ನಡೆಯಲು ಅಡ್ಡಿಯಿಲ್ಲ. ಹೊಸಬರಿಗೆ ಎಸ್‌ಎಚ್51ಕ್ಕಿಂತ ಎಸ್‌ಎಚ್56 ಕ್ಲೀಟ್ ಒಳ್ಳೆಯದು, ಅದು ಹಲವು ದಿಕ್ಕುಗಳಲ್ಲಿ ಬಿಡಿಸಿಕೊಳ್ಳುತ್ತದೆ. ಪೆಡಲಿನ ಬಿಗಿತದ ತಿರುಪನ್ನು ಮೊದಲ ತಿಂಗಳು ಸಡಿಲವಾಗಿಯೇ ಇಟ್ಟು, ಗೋಡೆ ಹಿಡಿದುಕೊಂಡು ನೂರು ಸಲ ಹಾಕಿ ಬಿಡಿಸಿ ಅಭ್ಯಾಸ ಮಾಡಿ.

ಶೂವನ್ನು ಸಂಜೆ ಕೊಳ್ಳಿ, ಆ ಹೊತ್ತಿಗೆ ಪಾದ ಸ್ವಲ್ಪ ಊದಿರುತ್ತದೆ. ನಮ್ಮಲ್ಲಿ ಬರಿಗಾಲಿನಲ್ಲಿ ಬೆಳೆದ ಅನೇಕರ ಪಾದ ಮುಂದೆ ಅಗಲ. ಉದ್ದ ಸರಿಯಿದ್ದು ಕಿರುಬೆರಳು ಒತ್ತುತ್ತಿದ್ದರೆ ಒಂದು ಸೈಜು ದೊಡ್ಡದನ್ನಲ್ಲ, ಅದೇ ಸೈಜಿನ ಅಗಲದ ಮಾದರಿಯನ್ನು ಕೇಳಿ. ಹೆಬ್ಬೆರಳಿನ ಬುಡದ ಉಬ್ಬು, ಕಿರುಬೆರಳಿನ ಬುಡದ ಉಬ್ಬು ಎರಡನ್ನೂ ಶೂವಿನ ಮೇಲಿಂದ ತಡವಿ ಗುರುತು ಮಾಡಿ, ಕ್ಲೀಟಿನ ನಡುಭಾಗ ಆ ಎರಡರ ಮಧ್ಯೆ ಬರುವಂತೆ ಕೂರಿಸಿ. ಜೋಮು ಉಳಿದರೆ ಎರಡೆರಡು ಮಿಲಿಮೀಟರ್ ಹಿಂದಕ್ಕೆ ಸರಿಸುತ್ತ ಬನ್ನಿ. ಓಟದ ಶೂವಿನ ದಪ್ಪ ಅಡಿ ಹೋದ ಮೇಲೆ ಸೀಟಿನ ಎತ್ತರವನ್ನು ಮತ್ತೆ ಹೊಂದಿಸಲು ಮರೆಯಬೇಡಿ.

ನಮ್ಮ ಮಳೆಯ ಬಗ್ಗೆ ಒಂದು ಮಾತು. ಕ್ಲೀಟಿನ ಬೋಲ್ಟುಗಳಿಗೆ ಗ್ರೀಸ್ ಹಚ್ಚದೆ ಬಿಗಿದರೆ ಒಂದೇ ಮಳೆಗಾಲದಲ್ಲಿ ತುಕ್ಕು ಹಿಡಿದು ಕಚ್ಚಿಕೊಳ್ಳುತ್ತವೆ. ಒದ್ದೆಯಾದ ಶೂವಿನೊಳಗೆ ಹಳೆಯ ಪತ್ರಿಕೆ ತುರುಕಿ, ನೆರಳಿನಲ್ಲಿ ಒಣಗಿಸಿ. ನಾನು ಮೊದಲ ಜೋಡಿಯನ್ನು ಬಚ್ಚಲೊಲೆಯ ಪಕ್ಕದಲ್ಲಿಟ್ಟಿದ್ದೆ. ಬೆಳಗ್ಗೆ ನೋಡಿದರೆ ಅಂಟು ಬಿಟ್ಟು ಅಡಿ ಬಾಯ್ದೆರೆದಿತ್ತು.

ಪ್ರಶ್ನೆ ಕೇಳಿದವರು: ಉಡುಪಿ ಸವಾರ

ಇಬ್ಬರಿಗೂ ಕೃತಜ್ಞತೆಗಳು. ಈಗಷ್ಟೇ ಚೈನು ಅಳೆದೆ. 12 ಅಂಗುಲದ ಗೆರೆಯನ್ನು ದಾಟಿ ಪಿನ್ನು ಎಂಟನೆಯ ಒಂದು ಭಾಗದಷ್ಟು ಮುಂದಿದೆ, ಹಾಗಾಗಿ ಕ್ಯಾಸೆಟ್ಟನ್ನು ಹೇಗೂ ಬದಲಿಸಲೇಬೇಕು. ಸೀಟೂ ತಗ್ಗಾಗಿತ್ತು, ಏರಿಸಿದ್ದೇನೆ. ಡಿರೇಲರ್ ಉದ್ದ ಕೇಜಿನದು. ಪೆಡಲನ್ನು ನಾನೇ ಬಿಚ್ಚಬಹುದೇ? ಎಡಗಡೆಯದು ಅಲುಗುತ್ತಲೇ ಇಲ್ಲ.

ಉತ್ತರ: ತೀರ್ಥಹಳ್ಳಿಯ ಹಳೆಯ ಸವಾರ

ಬಲವಂತ ಮಾಡಬೇಡಿ. ಎಡ ಪೆಡಲಿನ ಮರೆ (ತಿರುಪಿನ ಸುತ್ತು) ಉಲ್ಟಾ ಇರುತ್ತದೆ. ಅದನ್ನು ಪ್ರದಕ್ಷಿಣೆಯ ದಿಕ್ಕಿಗೆ ತಿರುಗಿಸಿದರೆ ಬಿಚ್ಚಿಕೊಳ್ಳುತ್ತದೆ, ಬಲಗಡೆಯದು ಎಂದಿನಂತೆ ಅಪ್ರದಕ್ಷಿಣೆಯಾಗಿ. ನೀವು ಈವರೆಗೆ ಅದನ್ನು ಇನ್ನಷ್ಟು ಬಿಗಿಯುತ್ತಿದ್ದಿರಬಹುದು. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ರಾತ್ರಿಯಿಡೀ ಹಾಗೇ ಇರಲಿ, ಬೆಳಗ್ಗೆ ಉದ್ದ ಹಿಡಿಯ ಸ್ಪ್ಯಾನರ್ ಹಾಕಿ. ಹೊಸ ಪೆಡಲಿನ ಮರೆಗೆ ಗ್ರೀಸ್ ಹಚ್ಚಿ, ಮೊದಲ ನಾಲ್ಕೈದು ಸುತ್ತನ್ನು ಬರಿಗೈಯಲ್ಲೇ ತಿರುಗಿಸಿ. ಕೈಯಲ್ಲಿ ಸಲೀಸಾಗಿ ಹೋಗದಿದ್ದರೆ ಓರೆಯಾಗಿ ಕೂತಿದೆ ಎಂದು ತಿಳಿದು ಹಿಂದಕ್ಕೆ ತೆಗೆಯಿರಿ.